ಒಂದು ಗೇಣಿನ ಡೀಸ್‌ಬಾರ್: ಕಾಗದದ ಚಕ್ರ ಹಡಗಿಗೆ ಹದಿನಾಲ್ಕು ಭಾನುವಾರ

ಕತ್ತರಿಸಿ ಅಂಟಿಸಿ ಮಾಡುವ ಈ ಕಾಗದದ ಹಡಗಿನ ಬಗ್ಗೆ ಮೊದಲು ತೀರ್ಪು ಹೇಳಿಬಿಡುತ್ತೇನೆ. ತಗೊಳ್ಳಿ. ಆದರೆ ಲೇಸರ್ ಸೆಟ್ ಸಮೇತ ತಗೊಳ್ಳಿ. ಮಳೆಗಾಲದಲ್ಲಿ ಮಾತ್ರ ಶುರು ಮಾಡಬೇಡಿ.

ನಾನು ಮೈಸೂರಿನಲ್ಲಿ ಬೈಂಡಿಂಗ್ ಕೆಲಸ ಮಾಡುವವಳು. ಅಶೋಕ ರಸ್ತೆಗೆ ಹತ್ತಿರದ ಗಲ್ಲಿಯೊಂದರಲ್ಲಿ ಪುಟ್ಟ ಅಂಗಡಿ. ಕಾಲೇಜು ಮಕ್ಕಳ ಪ್ರಾಜೆಕ್ಟ್ ವರದಿ, ಅಂಗಡಿಗಳ ಲೆಕ್ಕದ ಪುಸ್ತಕ, ಬೆನ್ನು ಬಿಟ್ಟುಹೋದ ಹಳೇ ಪುಸ್ತಕ, ಸೀಸನ್ ಬಂದರೆ ಮದುವೆ ಕಾರ್ಡು. ಇಪ್ಪತ್ತೆರಡು ವರ್ಷದಿಂದ ಕತ್ತರಿಸುವುದು, ಮಡಚುವುದು, ಅಂಟಿಸುವುದೇ ನನ್ನ ಕೆಲಸ. ಹಾಗಾಗಿ ಈ ಹಡಗಿನ ಬಗ್ಗೆ ಬರೆಯುವಾಗ ನನ್ನ ಕಣ್ಣು ಮೊದಲು ಕಾಗದದ ಮೇಲೆ ಬೀಳುತ್ತದೆ, ಆಮೇಲೆ ಹಡಗಿನ ಮೇಲೆ. ಹಡಗು ನೋಡುವ ಕಣ್ಣು ನಮ್ಮ ಅಪ್ಪನದು. ಅವರು ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. 1933ರಲ್ಲಿ ಶುರುವಾದ ಆ ಕಾರ್ಖಾನೆಯ ಹಬೆ, ಕೊಳವೆ, ವಾಲ್ವುಗಳ ನಡುವೆ ಮೂವತ್ತೊಂದು ವರ್ಷ ಕಳೆದವರು. ಈಗ ಎಪ್ಪತ್ತಾರು. ಮಂಡಿ ಆಪರೇಷನ್ ಆದ ಮೇಲೆ ಮನೆಯಲ್ಲೇ ಇರುತ್ತಾರೆ. ಅವರ ಕೈಗೆ ಏನಾದರೂ ಕೆಲಸ ಬೇಕು ಅಂತಲೇ ಇದನ್ನು ತರಿಸಿದ್ದು.

ವಸ್ತು ಏನು ಅಂತ ಹೇಳುತ್ತೇನೆ. ಜರ್ಮನಿಯ ಒಂದು ಚಿಕ್ಕ ಪ್ರಕಾಶಕರ ಕಾಗದದ ಮಾದರಿ. ಎ4 ಅಳತೆಯ ಆರು ಹಾಳೆ, ಎರಡು ಪುಟದಲ್ಲಿ ಚಿತ್ರಗಳು, ಅರ್ಧ ಪುಟ ಜರ್ಮನ್ ಮಾತು. ಎಲ್ಬೆ ನದಿಯ ಡೀಸ್‌ಬಾರ್ ಅನ್ನುವ ಚಕ್ರದ ಹಬೆ ಹಡಗು, ಅಂದರೆ ಎರಡು ಪಕ್ಕದ ಚಕ್ರ ನೀರು ತಳ್ಳಿ ನಡೆಸುವ ಹಡಗು, 1:250 ಅಳತೆಯಲ್ಲಿ. ಜರ್ಮನಿಯಲ್ಲಿ ಕಾಗದದ ಹಡಗುಗಳನ್ನು ಹೆಚ್ಚಾಗಿ ಇದೇ ಅಳತೆಗೆ ಮಾಡುತ್ತಾರೆ. ಹಾಗಾಗಿ ಒಂದರ ಪಕ್ಕ ಇನ್ನೊಂದನ್ನು ಇಟ್ಟರೆ ನಿಜವಾದ ಹೋಲಿಕೆ ಸಿಗುತ್ತದೆ. ಒಂದು ಮಿಲಿಮೀಟರ್ ಅಂದರೆ ನಿಜದಲ್ಲಿ ಇಪ್ಪತ್ತೈದು ಸೆಂಟಿಮೀಟರ್. ಆಳು ಏಳು ಮಿಲಿಮೀಟರ್. ಡೆಕ್ಕಿನ ಕಂಬಿ ನಾಲ್ಕು ಮಿಲಿಮೀಟರ್. ಐವತ್ತು ಮೀಟರಿಗೂ ಜಾಸ್ತಿ ಉದ್ದದ ಹಡಗು ಒಂದು ಗೇಣಿಗೆ ಬಂದು ನಿಲ್ಲುತ್ತದೆ.

ಹಾಳೆಗಳಿಗೆ 1,900 ರೂಪಾಯಿ, ಲೇಸರ್‌ನಲ್ಲಿ ಕತ್ತರಿಸಿದ ಕಂಬಿ ಮತ್ತು ಚಕ್ರದ ಸೆಟ್ಟಿಗೆ 1,100, ಅಂಚೆ ಖರ್ಚು 1,600. ಅಂಚೆ ಖರ್ಚು ಕಂಡು ಎರಡು ದಿನ ಯೋಚನೆ ಮಾಡಿದೆ. ಈಗ ಬೇಜಾರಿಲ್ಲ.

ಯಾಕೆ ಡೀಸ್‌ಬಾರ್? ಚಕ್ರದ ಹಡಗು ಅಂದರೆ ಎಲ್ಲರಿಗೂ ನೆನಪಾಗುವುದು ಅಮೆರಿಕದ ಮಿಸಿಸಿಪ್ಪಿ ನದಿ. ಎರಡು ಎತ್ತರದ ಹೊಗೆ ಕೊಳವೆ, 1870ರಲ್ಲಿ ನ್ಯಾಚೆಜ್ ಮತ್ತು ರಾಬರ್ಟ್ ಇ. ಲೀ ಅನ್ನುವ ಹಡಗುಗಳ ನಡುವೆ ನಡೆದ ಪಂದ್ಯ, ಆ ಥರದ್ದು. ನಾನೂ ಮೊದಲು ಅದನ್ನೇ ಹುಡುಕಿದ್ದೆ. ಆದರೆ ಡೀಸ್‌ಬಾರ್‌ನ ಇಂಜಿನ್ ಬಗ್ಗೆ ಓದಿದ ಮೇಲೆ ಮನಸ್ಸು ಬದಲಾಯಿತು. ಹಡಗು ಕಟ್ಟಿದ್ದು 1884ರಲ್ಲಿ. ಅದರೊಳಗಿನ ಇಂಜಿನ್ 1841ರದ್ದು. ಲಂಡನ್ ಪಕ್ಕದ ಗ್ರೀನಿಚ್‌ನಲ್ಲಿದ್ದ ಜಾನ್ ಪೆನ್ ಅವರ ಕಾರ್ಖಾನೆಯಲ್ಲಿ ಮಾಡಿದ್ದು. ಹಳೇ ಹಡಗಿನಿಂದ ಬಿಚ್ಚಿ ಇದಕ್ಕೆ ಕೂರಿಸಿದರು. ಅಂದರೆ ಹಡಗಿಗಿಂತ ಇಂಜಿನ್ ನಲವತ್ತಮೂರು ವರ್ಷ ದೊಡ್ಡದು. ಇದನ್ನು ಫೋನಿನಲ್ಲಿ ಹೇಳಿದಾಗ ಅಪ್ಪ ಒಂದು ಕ್ಷಣ ಸುಮ್ಮನಾದರು. ಆಮೇಲೆ, "ಹಂಗಾರೆ ಅದ್ನೇ ತರ್ಸವ್ವ" ಅಂದರು.

ಎಲ್ಬೆ ದಂಡೆಯ ಡ್ರೆಸ್ಡೆನ್ ಊರಿನ ಹಳೇ ಚಕ್ರದ ಹಡಗುಗಳು ಡೀಸ್‌ಬಾರ್ ಸೇರಿ ಒಟ್ಟು ಒಂಬತ್ತು. ಎಲ್ಲಕ್ಕಿಂತ ಹಿರಿಯದು 1879ರದ್ದು, ಕಿರಿಯದು 1929ರದ್ದು. ಎಲ್ಬೆಯಲ್ಲಿ ಬೇಸಿಗೆಗೆ ನೀರು ತೀರಾ ಇಳಿದುಹೋಗುತ್ತದೆ. ಅದಕ್ಕೇ ಈ ಹಡಗುಗಳು ನೀರಿನೊಳಗೆ ಒಂದು ಮೀಟರಿಗಿಂತ ಕಡಿಮೆ ಮುಳುಗುವ ಹಾಗೆ ಕಟ್ಟಿದವು. ನಮ್ಮ ಕಾವೇರಿಯ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಶ್ರೀರಂಗಪಟ್ಟಣದ ಸಂಗಮದಲ್ಲಿ ಬಂಡೆ, ಮರಳು, ಅಲ್ಲಲ್ಲಿ ಮೊಣಕಾಲುದ್ದ ನೀರು. ಅಂಥ ಕಡೆ ಹರಿಗೋಲು ಯಾಕೆ ಬೇಕು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ, ಅಲ್ವಾ? ತಳ ಚಪ್ಪಟೆಯಾಗಿರಬೇಕು, ಕೆಳಗೆ ಏನೂ ನೇತಾಡಬಾರದು. ಚಕ್ರ ಪಕ್ಕದಲ್ಲಿರುವುದಕ್ಕೂ ಅದೇ ಕಾರಣ.

ಈಗ ಕಾಗದದ ವಿಷಯ.

ಅಚ್ಚು ಚೆನ್ನಾಗಿದೆ. ಚೆನ್ನಾಗಿದೆ ಅಂದರೆ ತುಂಬಾ ಚೆನ್ನಾಗಿದೆ. ಆಫ್‌ಸೆಟ್, ಸುಮಾರು 160 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 160 ಗ್ರಾಂ ತೂಕದ ಕಾಗದ ಇರಬೇಕು, ಮೇಲ್ಮೈ ಮಿರುಗುವುದಿಲ್ಲ. ಹಡಗಿನ ಬಿಳಿ ಮೈ ಬರೀ ಖಾಲಿ ಕಾಗದವಲ್ಲ. ತಗಡಿನ ಜೋಡಣೆ ಗೆರೆಗಳನ್ನು ತೀರಾ ತೆಳು ಬೂದು ಬಣ್ಣದಲ್ಲಿ ಹಾಕಿದ್ದಾರೆ. ಹಸಿರು ಪಟ್ಟಿ ಎರಡು ಹಾಳೆಗಳಲ್ಲಿ ಹಂಚಿಹೋಗಿದ್ದರೂ ಬಣ್ಣ ಒಂದೇ ಇದೆ. ಮದುವೆ ಕಾರ್ಡು ಅಚ್ಚು ಹಾಕಿಸುವವರಿಗೆ ಇದು ಎಷ್ಟು ಕಷ್ಟ ಅಂತ ಗೊತ್ತು. ಬೆಳಿಗ್ಗೆ ಹೊಡೆದ ಕುಂಕುಮ ಬಣ್ಣ ಸಂಜೆಗೆ ಬೇರೆಯಾಗಿರುತ್ತದೆ.

ದೊಡ್ಡ ತಪ್ಪು ಇರುವುದು ಗ್ರೇನ್‌ನಲ್ಲಿ. ಕಾಗದದೊಳಗೆ ನಾರು ಒಂದು ದಿಕ್ಕಿಗೆ ಮಲಗಿರುತ್ತದೆ. ಆ ದಿಕ್ಕಿಗೆ ಸುತ್ತಿದರೆ ಕಾಗದ ಹೇಳಿದ ಮಾತು ಕೇಳುತ್ತದೆ, ಅಡ್ಡ ಸುತ್ತಿದರೆ ಮುರಿಯುತ್ತದೆ. ಇನ್ನೊಂದು ವಿಷಯ, ನೀರು ತಾಗಿದಾಗ ಕಾಗದ ನಾರಿನ ಉದ್ದಕ್ಕೆ ಅಷ್ಟಾಗಿ ಬೆಳೆಯುವುದಿಲ್ಲ, ಅಡ್ಡಕ್ಕೆ ಬೆಳೆಯುತ್ತದೆ. ಬೈಂಡಿಂಗ್‌ನಲ್ಲಿ ಇದು ಮೊದಲ ಪಾಠ. ಗ್ರೇನ್ ನೋಡದೆ ಮಾಡಿದ ಪುಸ್ತಕ ಬಾಯಿ ಬಿಟ್ಟುಕೊಂಡೇ ಇರುತ್ತದೆ. ಈ ಸೆಟ್ಟಿನ ಎರಡನೇ ಹಾಳೆಯಲ್ಲಿ ಹಡಗಿನ ಎರಡೂ ಪಕ್ಕದ ಉದ್ದನೆ ಪಟ್ಟಿಗಳಿವೆ. ಅವಕ್ಕೆ ನಾರು ಅಡ್ಡಡ್ಡ ಬಂದಿದೆ. ಮೂತಿಯ ಹತ್ತಿರ ಬಗ್ಗಿಸಲು ಸುಲಭವಾಯಿತು, ನಿಜ. ಆದರೆ ಬಿಳಿ ಗೋಂದು ತಾಗಿದ ತಕ್ಷಣ ಪಟ್ಟಿ ಉದ್ದ ಬೆಳೆಯಿತು. ಹಿಂಭಾಗಕ್ಕೆ ಬರುವಷ್ಟರಲ್ಲಿ ಒಂದು ಮಿಲಿಮೀಟರ್ ಹೊರಗೆ. ನಿಜದ ಹಡಗಿನಲ್ಲಿ ಅದು ಕಾಲು ಮೀಟರ್. ಇನ್ನು ಹೊಗೆ ಕೊಳವೆಯನ್ನು ಐದನೇ ಹಾಳೆಯಲ್ಲಿ ಅಡ್ಡ ಮಲಗಿಸಿದ್ದಾರೆ. ಸುತ್ತಿದರೆ ಬಣ್ಣ ಬಿರುಕು ಬಿಡುತ್ತದೆ. ಹಾಳೆಯ ಮೇಲೆ ಆ ಭಾಗವನ್ನು ಸುಮ್ನೆ ತಿರುಗಿಸಿ ಇಟ್ಟಿದ್ದರೆ ಸಾಕಿತ್ತು. ಇಷ್ಟು ಜಾಣತನದಿಂದ ಹಡಗು ಬಿಡಿಸಿದವರು ಇದನ್ನು ನೋಡಬೇಕಿತ್ತು ಅನ್ನುವ ಬೇಸರ ನನಗೆ ಇನ್ನೂ ಇದೆ.

ಪರಿಹಾರ ಇದೆ. ಕತ್ತರಿಸುವ ಮುಂಚೆ ಆರೂ ಹಾಳೆಗಳನ್ನು ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ನಾನು ಸಂತೆಪೇಟೆಯಿಂದ ತಂದ ಕಾಗದದಲ್ಲಿ ಕೊಳವೆಯನ್ನು ಮಾತ್ರ ಸರಿಯಾದ ದಿಕ್ಕಿಗೆ ಮತ್ತೆ ಪ್ರಿಂಟ್ ತೆಗೆದೆ. ಪಕ್ಕದ ಪಟ್ಟಿಗೆ ಗೋಂದನ್ನು ಹಲ್ಲುಕಡ್ಡಿಯ ತುದಿಯಲ್ಲಿ, ಇರುವೆ ಸಾಲಿನ ಹಾಗೆ ಚುಕ್ಕಿ ಚುಕ್ಕಿ ಇಡಬೇಕು. ಬಳಿಯಬಾರದು. ಮೊದಲ ಪಕ್ಕ ಬಳಿದು ಕೆಡಿಸಿದೆ. ಎರಡನೇ ಪಕ್ಕ ಕೂದಲೆಳೆಯಷ್ಟೂ ತಪ್ಪಲಿಲ್ಲ.

ಹಡಗಿನ ಅಸ್ಥಿಪಂಜರದ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ತಳದ ಹಲಗೆ, ನಡುವೆ ಉದ್ದದ ಬೆನ್ನುಮೂಳೆ, ಅಡ್ಡ ಪಕ್ಕೆಲುಬುಗಳು, ಒಂದಕ್ಕೊಂದು ಸೀಳಿನಲ್ಲಿ ಕೂರುತ್ತವೆ. ಒಂದು ನಕ್ಷತ್ರ ಗುರುತು ಇದ್ದರೆ ಅರ್ಧ ಮಿಲಿಮೀಟರ್ ರಟ್ಟಿಗೆ ಅಂಟಿಸಿ ಕತ್ತರಿಸಬೇಕು, ಎರಡು ಇದ್ದರೆ ಒಂದು ಮಿಲಿಮೀಟರ್. ಎಲ್ಲವೂ ಸರಿಯಾಗಿ ಕೂತವು. ಜುಲೈ ತೇವಕ್ಕೆ ತಳ ಮಾತ್ರ ಬಾಳೆ ಎಲೆ ಥರ ಎದ್ದಿತು. ಅಂಗಡಿಯ ಪ್ರೆಸ್ಸಿನಲ್ಲಿ ಎರಡು ರಾತ್ರಿ ಇಟ್ಟು ಸರಿಮಾಡಿದೆ. ಮನೆಯಲ್ಲಿ ಪ್ರೆಸ್ ಇಲ್ಲದವರು ದಪ್ಪ ಪುಸ್ತಕಗಳ ಕೆಳಗೆ ಇಡಿ. ಒಂದು ಕಡೆ ಅಂಟಿಸಿದ ರಟ್ಟಿಗೆ ಇನ್ನೊಂದು ಕಡೆಯೂ ಅಷ್ಟೇ ತೂಕದ ಕಾಗದ ಅಂಟಿಸಿದರೆ ಏಳುವುದೇ ಇಲ್ಲ. ಇದನ್ನು ಸೂಚನೆಯಲ್ಲಿ ಬರೆದಿಲ್ಲ.

ಭಾನುವಾರ ಬೆಳಿಗ್ಗೆ ಮೈಸೂರಿನಲ್ಲಿ ರೈಲು ಹತ್ತಿ ಮಂಡ್ಯದಲ್ಲಿ ಇಳಿಯುವುದು, ಗುತ್ತಲಿನ ಮನೆಗೆ ಹೋಗುವುದು, ಅಮ್ಮ ಮಾಡಿದ ಉಪ್ಪಿಟ್ಟು ತಿಂದು ಹಜಾರದ ಕಿಟಕಿ ಪಕ್ಕ ಕೂರುವುದು. ನಾನು ಕತ್ತರಿಸುತ್ತಿದ್ದೆ, ಅಪ್ಪ ಜೋಡಿಸುತ್ತಿದ್ದರು. ಅವರಿಗೆ ಜರ್ಮನ್ ಬರುವುದಿಲ್ಲ, ನನಗೂ ಬರುವುದಿಲ್ಲ. ಆದರೆ ಚಿತ್ರ ನೋಡಿ ಯಾವುದು ಯಾವುದಕ್ಕೆ ಕೂರುತ್ತದೆ ಅಂತ ಹೇಳಲು ಅವರಿಗೆ ಒಂದು ನಿಮಿಷ ಸಾಕು. 87 ಮತ್ತು 78ನೇ ಭಾಗದ ಸಂಖ್ಯೆ ಅದಲುಬದಲಾಗಿದೆ ಅಂತ ಕಂಡುಹಿಡಿದಿದ್ದು ಅವರೇ. ತಗೊಳ್ಳುವವರು ಇದನ್ನು ಗುರುತು ಹಾಕಿಕೊಳ್ಳಿ. ಚಾಲಕನ ಗೂಡಿನ ಹಿಂದಿನ ಮೆಟ್ಟಿಲು 78, ಚಿತ್ರದಲ್ಲಿ ಏನೇ ಇರಲಿ.

ಈ ಸೆಟ್ಟಿನ ಜೀವ ಇರುವುದು ಚಕ್ರದಲ್ಲಿ. ಅದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು.

ಚಕ್ರ ಐವತ್ತು ಪೈಸೆ ನಾಣ್ಯಕ್ಕಿಂತ ಚಿಕ್ಕದು. ಅದರ ಹಲಗೆಗಳು ಒಂದೊಂದೂ ಒಂದು ಅಕ್ಕಿ ಕಾಳಿನಷ್ಟು. ಸಾದಾ ಚಕ್ರದಲ್ಲಿ ಹಲಗೆಯನ್ನು ಕಡ್ಡಿಗೆ ಗಟ್ಟಿಯಾಗಿ ಬಡಿದಿರುತ್ತಾರೆ. ಅದು ನೀರಿಗೆ ಇಳಿಯುವಾಗ ಅಂಗೈಯಲ್ಲಿ ಹೊಡೆದ ಹಾಗೆ ಬಡಿಯುತ್ತದೆ, ಏಳುವಾಗ ನೀರನ್ನು ಮೇಲಕ್ಕೆ ಎತ್ತುತ್ತದೆ. ಎರಡೂ ಕಡೆ ಶಕ್ತಿ ದಂಡ. ಇದಕ್ಕೆ ಒಂದು ಉಪಾಯ ಮಾಡಿದರು. ಚಕ್ರದ ನಡುವಿಗೆ ಸ್ವಲ್ಪ ಆಚೆ ಇನ್ನೊಂದು ಕೇಂದ್ರ ಇಟ್ಟು, ಅಲ್ಲಿಂದ ಪ್ರತಿ ಹಲಗೆಗೂ ಒಂದು ಸಣ್ಣ ಸರಳು ಕೊಟ್ಟರು. ಚಕ್ರ ತಿರುಗಿದಂತೆ ಸರಳು ಹಲಗೆಯನ್ನು ಎಳೆದು ತಿರುಗಿಸುತ್ತಾ ಹೋಗುತ್ತದೆ. ಹಲಗೆ ನೀರಿಗೆ ಹೆಚ್ಚು ಕಡಿಮೆ ನೆಟ್ಟಗೆ ಇಳಿಯುತ್ತದೆ, ನೆಟ್ಟಗೆ ಏಳುತ್ತದೆ. 1829ರಲ್ಲೇ ಇಂಗ್ಲೆಂಡಿನ ಎಲೈಜಾ ಗ್ಯಾಲೋವೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಸಂಗಮದಲ್ಲಿ ಹರಿಗೋಲು ಹಾಕುವವರ ಕೈ ನೋಡಿ. ಹುಟ್ಟನ್ನು ನೀರಿಗೆ ಬಡಿಯುವುದಿಲ್ಲ, ಚಾಕು ಇಳಿಸಿದಂತೆ ಇಳಿಸುತ್ತಾರೆ.

ಲೇಸರ್ ಸೆಟ್ಟಿನಲ್ಲಿ ಆ ಸರಳುಗಳೂ ಇವೆ! ಪ್ರತಿ ಹಲಗೆಗೂ ಬೇರೆ ಬೇರೆ ಕೋನ. ಅಂಟಿಸುವುದಕ್ಕೆ ಒಂದು ಅಚ್ಚಿನ ಹಾಳೆ ಕೊಟ್ಟಿದ್ದಾರೆ. ಅದರ ಮೇಲೆ ಪಾರದರ್ಶಕ ಶೀಟು ಹರಡಿ, ಚಕ್ರದ ಒಂದು ಬಳೆ ಇಟ್ಟು, ಚಿಮಟಿಗೆಯಲ್ಲಿ ಹಲಗೆ ಎತ್ತಿ, ಗೆರೆ ನೋಡಿ ನಿಲ್ಲಿಸಬೇಕು. ಅಪ್ಪ ಭೂತಗನ್ನಡಿ ಹಿಡಿದಿದ್ದರು. ಉಸಿರು ಬಿಟ್ಟರೆ ಹಲಗೆ ಹಾರುತ್ತದೆ. ಫ್ಯಾನ್ ಆಫ್. ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು, ಇಬ್ಬರೂ ಅಲ್ಲಾಡಲಿಲ್ಲ. ಒಂದು ಚಕ್ರಕ್ಕೆ ಒಂದು ಇಡೀ ಭಾನುವಾರ ಹಿಡಿಯಿತು. ಎರಡನೆಯದಕ್ಕೆ ಅರ್ಧ ದಿನ.

ಇಷ್ಟೆಲ್ಲಾ ಮಾಡಿದ ಮೇಲೆ ಚಕ್ರ ಗೂಡಿನೊಳಗೆ ಹೋಗಿ ಕೂರುತ್ತದೆ. ಬೀಸಣಿಗೆ ಆಕಾರದ ಸೀಳುಗಳಲ್ಲಿ ಸ್ವಲ್ಪ ಕಾಣುತ್ತದೆ, ಅಷ್ಟೇ. ಪ್ರಕಾಶಕರು ಗೂಡಿನ ಮೇಲೆ ಕಪ್ಪು ಬಣ್ಣ ಹೊಡೆದು ಕೈತೊಳೆದುಕೊಳ್ಳಬಹುದಿತ್ತು. ಹೊಡೆಯಲಿಲ್ಲ. ಪುಸ್ತಕದ ಬೆನ್ನಿನೊಳಗೆ ನಾವು ಒಂದು ತೆಳು ಬಟ್ಟೆ ಅಂಟಿಸುತ್ತೇವೆ. ಗಿರಾಕಿಗೆ ಅದು ಯಾವತ್ತೂ ಕಾಣುವುದಿಲ್ಲ. ಅದನ್ನು ಬಿಟ್ಟವರ ಪುಸ್ತಕ ಎರಡು ವರ್ಷಕ್ಕೆ ನನ್ನ ಅಂಗಡಿಗೆ ರಿಪೇರಿಗೆ ಬರುತ್ತದೆ. ಈ ಚಕ್ರ ಬಿಡಿಸಿದವರು ಆ ಬಟ್ಟೆ ಹಾಕುವ ಜಾತಿಯವರು. ಅವರ ಮೇಲೆ ನನಗೆ ನಿಜವಾದ ಗೌರವ ಬಂತು.

ಅದಕ್ಕೇ ಇಂಜಿನ್ ವಿಷಯದಲ್ಲಿ ಅಷ್ಟೊಂದು ನೋವಾಯಿತು. ಎಲ್ಬೆಯ ಈ ಹಡಗುಗಳಲ್ಲಿ ಡೆಕ್ಕಿನ ಮೇಲೆ ನಿಂತೇ ಕೆಳಗಿನ ಇಂಜಿನ್ ನೋಡಬಹುದು. ಜನ ಅದನ್ನು ನೋಡಲೆಂದೇ ಹತ್ತುತ್ತಾರೆ. ಈ ಮಾದರಿಯಲ್ಲಿ ಆ ಜಾಗಕ್ಕೆ ಒಂದು ಚಪ್ಪಟೆ ಚಿತ್ರ ಕೊಟ್ಟಿದ್ದಾರೆ. ಅಂಟಿಸಿ ಮುಗಿಸಿ ಅಂತ. ಅಪ್ಪ ಆ ತುಂಡನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು.

"ಇದೇನವ್ವ, ಇಂಜಿನ್ ಜಾಗ್ದಲ್ಲಿ ಫೋಟೋ ಅಂಟ್ಸು ಅಂತವ್ರಲ್ಲ?"

"ಅಷ್ಟೇ ಕೊಟ್ಟಿರೋದು ಅಪ್ಪ. ಇಷ್ಟು ಚಿಕ್ಕದರಲ್ಲಿ ಆಗಲ್ಲವೇನೋ."

"ಚಕ್ರ ಆಯ್ತಲ್ಲ?"

ಆಮೇಲೆ ಅವರು ನನಗೆ ಆ ಇಂಜಿನ್ ಹೇಗೆ ನಡೆಯುತ್ತದೆ ಅಂತ ಹೇಳಿದರು. ನಾನು ಫೋನಿನಲ್ಲಿ ತೋರಿಸಿದ್ದ ನಕ್ಷೆಯನ್ನು ಎರಡೇ ಸಲ ನೋಡಿದ್ದರು. ಸಾಮಾನ್ಯ ಹಬೆ ಇಂಜಿನ್‌ನಲ್ಲಿ ಸಿಲಿಂಡರ್ ಅಲ್ಲಾಡುವುದಿಲ್ಲ. ಒಳಗಿನ ಪಿಸ್ಟನ್ ಹಿಂದೆ ಮುಂದೆ ಓಡುತ್ತದೆ, ಅದಕ್ಕೆ ಸಿಕ್ಕಿಸಿದ ಇನ್ನೊಂದು ರಾಡ್ ತೂಗಾಡುತ್ತಾ, ಮೊಣಕೈಯಂತೆ ಬಾಗಿದ ಸರಳನ್ನು, ಅಂದರೆ ಕ್ರಾಂಕನ್ನು ತಿರುಗಿಸುತ್ತದೆ. "ಇದ್ರಲ್ಲಿ ಆ ಕನೆಕ್ಟಿಂಗ್ ರಾಡೇ ಬ್ಯಾಡ. ಸಿಲಿಂಡರೇ ತೂಗ್ತದೆ ಕಣವ್ವ, ತೊಟ್ಲು ತೂಗ್ದಂಗೆ." ಎಡಗೈ ಮುಷ್ಟಿಯನ್ನು ಸಿಲಿಂಡರ್ ಮಾಡಿ, ಅದರೊಳಗೆ ಒಂದು ಪೆನ್ಸಿಲ್ ತೂರಿಸಿ, ಪೆನ್ಸಿಲ್ ತುದಿಯನ್ನು ಬಲಗೈಯಲ್ಲಿ ಗುಂಡಗೆ ತಿರುಗಿಸಿದರು. ಮುಷ್ಟಿ ತಾನಾಗಿ ಆಚೆ ಈಚೆ ವಾಲಿತು. ತೊಟ್ಟಿಲಿನ ಎರಡು ಪಕ್ಕದ ಆಧಾರ ಇರುತ್ತದಲ್ಲ, ಅದೇ ಟೊಳ್ಳು. ಹಬೆ ಬರುವುದೂ ಹೋಗುವುದೂ ಆ ಟೊಳ್ಳಿನಲ್ಲೇ. ಹೀಗೆ ಮಾಡಿದರೆ ಇಂಜಿನ್‌ಗೆ ಜಾಗ ಕಡಿಮೆ ಸಾಕು. ನೀರಿನಲ್ಲಿ ಮೀಟರೂ ಮುಳುಗದ ಹಡಗಿನೊಳಗೆ ಅದೇ ಬೇಕಾಗಿದ್ದು.

ಮುಂದಿನ ಮೂರು ಭಾನುವಾರ ನಾವು ಸೆಟ್ಟಿನಲ್ಲಿ ಇಲ್ಲದ್ದನ್ನು ಮಾಡಿದೆವು. ಹಾಳೆಯ ಅಂಚಿನಲ್ಲಿ ಉಳಿದ ಬಿಳಿ ಕಾಗದವನ್ನು ದಬ್ಬಣದ ಸುತ್ತ ಬಿಗಿಯಾಗಿ ಸುತ್ತಿ ಎರಡು ಸಿಲಿಂಡರ್. ಮೆಣಸಿನ ಕಾಳಿನಷ್ಟು ದಪ್ಪ. ಅಪ್ಪ ಕೆಟ್ಟ ಮಿಕ್ಸಿ ಮೋಟರಿನಿಂದ ತಾಮ್ರದ ತಂತಿ ಬಿಚ್ಚಿ ಕ್ರಾಂಕ್ ಬಗ್ಗಿಸಿದರು. ಎರಡು ಮೊಣಕೈ, ಒಂದಕ್ಕೊಂದು ಲಂಬವಾಗಿ. ಒಂದು ಸಿಲಿಂಡರ್ ತುದಿಗೆ ಬಂದು ನಿಂತಾಗ ಇನ್ನೊಂದು ತಳ್ಳಬೇಕು, ಅದಕ್ಕೆ ಹಾಗೆ. ಮೊದಲನೆಯದು ಸರಿಯಾಗಲಿಲ್ಲ, ಬಿಸಾಕಿದರು. ಎರಡನೆಯದೂ ಬಿಸಾಕಿದರು. ಮೂರನೆಯದನ್ನು ಕೂರಿಸಿ ಗುಂಡುಸೂಜಿಯಿಂದ ತಿರುಗಿಸಿದಾಗ ಎರಡೂ ಸಿಲಿಂಡರ್ ಒಂದರ ಹಿಂದೆ ಒಂದು ವಾಲಿದವು. ಅಪ್ಪ ಏನೂ ಹೇಳಲಿಲ್ಲ. ಅಮ್ಮನನ್ನು ಅಡುಗೆಮನೆಯಿಂದ ಕರೆದು ತೋರಿಸಿದರು.

ಹೊಗೆ ಕೊಳವೆಯ ಬಗ್ಗೆ ಒಂದು ಒಳ್ಳೆ ಮಾತು ಬಾಕಿ ಇದೆ. ಡ್ರೆಸ್ಡೆನ್‌ನ ಸೇತುವೆಗಳ ಕೆಳಗೆ ಹೋಗುವಾಗ ಈ ಹಡಗುಗಳ ಕೊಳವೆಯನ್ನು ಹಿಂದಕ್ಕೆ ಮಡಚುತ್ತಾರೆ. ಮಾದರಿಯಲ್ಲೂ ಮಡಚಬಹುದು. ಕಾಗದದ್ದೇ ಕೀಲು ಕೊಟ್ಟಿದ್ದಾರೆ. ಕಾಗದದ ಕೀಲು ಬೇಗ ಹರಿಯುತ್ತದೆ ಅಂತ ನಾನು ಹೊಲಿಗೆ ದಾರ ಹಾಕಿದೆ. ನೀವೂ ಹಾಗೇ ಮಾಡಿ. ಇನ್ನೊಂದು, ಕತ್ತರಿಸಿದ ಅಂಚು ಬೆಳ್ಳಗೆ ಕಾಣುತ್ತದೆ. ಪ್ರತಿ ಭಾಗ ಅಂಟಿಸುವ ಮುಂಚೆ ಅಂಚಿಗೆ ಬಣ್ಣದ ಪೆನ್ಸಿಲ್ ಎಳೆಯಿರಿ. ಇದೊಂದನ್ನು ಮಾಡಿದರೆ ಕಾಗದದ ಹಡಗು ಕಾಗದದ ಹಾಗೆ ಕಾಣುವುದಿಲ್ಲ. ಲೇಸರ್ ಕಂಬಿಯ ಅಂಚು ಕಂದಾಗಿ ಸುಟ್ಟಿರುತ್ತದೆ, ಅದಕ್ಕೆ ತೆಳುವಾಗಿ ಬಿಳಿ ಹಚ್ಚಿ.

ಒಂದು ಆಸೆ ಇದೆ, ಪ್ರಕಾಶಕರಿಗೂ ಬರೆದು ತಿಳಿಸಿದ್ದೇನೆ. ಚಕ್ರದ ಹಡಗು ನಮ್ಮ ಕಡೆಗೂ ಹೊಸದಲ್ಲ. 1823ರಲ್ಲೇ ಕೋಲ್ಕತ್ತದಲ್ಲಿ ಡಯಾನಾ ಅನ್ನುವ ಚಕ್ರದ ಹಬೆ ಹಡಗನ್ನು ನೀರಿಗೆ ಇಳಿಸಿದ್ದರು. ಬಾಂಗ್ಲಾದೇಶದಲ್ಲಿ ರಾಕೆಟ್ ಅಂತಲೇ ಜನ ಕರೆಯುವ ಚಕ್ರದ ಹಡಗುಗಳಿವೆ. ಅವುಗಳಲ್ಲಿ ಮಹ್ಸೂದ್ 1928ರದ್ದು, ಆಸ್ಟ್ರಿಚ್ 1929ರದ್ದು. ಇವುಗಳ ಹಾಳೆ ನಾನು ಹುಡುಕಿದ ಕಡೆ ಎಲ್ಲೂ ಸಿಗಲಿಲ್ಲ. ಬಂದರೆ ಮೊದಲ ಗಿರಾಕಿ ನಾನೇ.

ಯಾರಿಗೆ ಸರಿ? ಇದೇ ಮೊದಲ ಸಲ ಕತ್ತರಿ ಹಿಡಿಯುವವರಿಗಲ್ಲ. ಹತ್ತನೇ ಕ್ಲಾಸಿನ ಮಕ್ಕಳು ದೊಡ್ಡವರ ಜೊತೆ ಕೂತು ಮಾಡಬಹುದು. ಕಣ್ಣಿಗೆ ಒಳ್ಳೆ ಬೆಳಕು, ಹೊಸ ಬ್ಲೇಡು, ಗೆರೆ ಒತ್ತಲು ಇಂಕು ಮುಗಿದ ಬಾಲ್ ಪೆನ್ನು, ಇಷ್ಟಿದ್ದರೆ ಸಾಕು. ಒಬ್ಬರೇ ಮಾಡಿದರೆ ಚಕ್ರದ ಹತ್ತಿರ ತಾಳ್ಮೆ ಹೋಗುತ್ತದೆ. ಇಬ್ಬರು ಕೂತು ಮಾಡಿ.

ನವೆಂಬರಿನಲ್ಲಿ ಮುಗಿಯಿತು. ಧೂಳು ಕೂರಬಾರದು ಅಂತ ಮಂಡ್ಯದಲ್ಲೇ ಗಾಜಿನ ಕೆಲಸದವರ ಹತ್ತಿರ ಒಂದಡಿ ಉದ್ದದ ಡಬ್ಬಿ ಮಾಡಿಸಿದೆವು, 650 ರೂಪಾಯಿ ಆಯಿತು. ಅವರು ಎಲ್ಲಾ ಕಡೆ ಸೀಲ್ ಮಾಡಿಕೊಡುತ್ತೇನೆ ಅಂದರು. ಅಪ್ಪ ಬೇಡ ಅಂದರು. ಮೇಲಿನ ಗಾಜು ಹಾಗೇ ಕೂತಿದೆ, ಅಂಟಿಸಿಲ್ಲ. ಡಬ್ಬಿಯ ಪಕ್ಕದಲ್ಲೇ ಒಂದು ಗುಂಡುಸೂಜಿ ಇಟ್ಟಿದ್ದಾರೆ. ಯಾರಾದರೂ ಮನೆಗೆ ಬಂದರೆ ಗಾಜು ಎತ್ತಿ ಇಂಜಿನ್ ತಿರುಗಿಸಿ ತೋರಿಸುತ್ತಾರೆ.